ಹನ್ನೊಂದನೇ ಶೆಡ್ಡಿನ ಗಾಳಿ

ಶಿಡ್ಲಘಟ್ಟದ ದಸ್ತಗಿರ್ ಎಂಥ ಅನುಮಾನದ ಪ್ರಾಣಿ ಎಂದರೆ, ಬಸ್ಸಿನ ಹಣೆಯ ಮೇಲೆ ಚಿಕ್ಕಬಳ್ಳಾಪುರ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಡ್ರೈವರನ್ನೊಮ್ಮೆ, ಕಂಡಕ್ಟರನ್ನೊಮ್ಮೆ ಕೇಳಿ, ಒಳಗೆ ಕೂತ ಮೇಲೆ ಪಕ್ಕದವನನ್ನೂ ಕೇಳುತ್ತಿದ್ದ. ಮೂವರೂ ಒಂದೇ ಉತ್ತರ ಕೊಟ್ಟರೆ ಇನ್ನೂ ಕಷ್ಟ. ಮೂವರೂ ಮೊದಲೇ ಮಾತಾಡಿಕೊಂಡಿದ್ದಾರೇನೋ ಎಂದು ಚಿಂತೆ ಹತ್ತಿಕೊಳ್ಳುತ್ತಿತ್ತು. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ರೈತ ನಗುನಗುತ್ತಾ ಮಾತಾಡಿಸಿದನೋ, ಗೂಡಿನೊಳಗೆ ಹುಳು ಸತ್ತಿದೆ ಎಂದೇ ಇವನ ತೀರ್ಮಾನ. ರೈತ ಮುಖ ಗಂಟಿಕ್ಕಿಕೊಂಡಿದ್ದರೆ ಗೂಡು ಚೆನ್ನಾಗಿದೆ, ಕೊಡಲು ಮನಸ್ಸಿಲ್ಲ ಅಂತ ಅರ್ಥ. ವಿಚಿತ್ರವೆಂದರೆ ಹತ್ತಕ್ಕೆ ಏಳು ಸಲ ಅವನ ಲೆಕ್ಕ ಸರಿಹೋಗುತ್ತಿತ್ತು.

ಹುಟ್ಟುತ್ತಲೇ ಯಾರೂ ಹಾಗಿರುವುದಿಲ್ಲ. ಎಂಬತ್ತಾರನೇ ಇಸವಿಯಲ್ಲಿ ಅವನ ಅಪ್ಪ ಕರೀಂ ಸಾಬ್ ಇನ್ನೂ ಬದುಕಿದ್ದರು. ಯಾವುದೋ ಇಲಾಖೆಯವರೆಂದು ಇಬ್ಬರು ಬಂದು, ನೂಲು ತೆಗೆಯುವ ಶೆಡ್ಡಿನಲ್ಲಿ ಎಷ್ಟು ಒಲೆ, ಎಷ್ಟು ಬೇಸಿನ್ನು, ಎಷ್ಟು ಸೌದೆ ಎಂದೆಲ್ಲ ಬರೆದುಕೊಂಡರು. ಸಾಲ ಕೊಡಿಸೋಕೆ ಎಂದಿದ್ದರು. ಕರೀಂ ಸಾಬ್ ಚಹಾ ಕೊಟ್ಟರು, ಖಾರಾ ಬಿಸ್ಕತ್ತು ತರಿಸಿದರು. ಹದಿನೈದು ದಿನಕ್ಕೆ ಬಂದದ್ದು ಸಾಲವಲ್ಲ, ನೋಟಿಸು. ಗಲ್ಲಿಯಲ್ಲಿ ಹೊಗೆ ಬಿಡುವ ಶೆಡ್ಡು ಮುಚ್ಚಬೇಕಂತೆ. ಎಂಟು ತಿಂಗಳು ಒಲೆ ಹತ್ತಲಿಲ್ಲ. ಒಲೆ ಹತ್ತುವ ಹೊತ್ತಿಗೆ ಕರೀಂ ಸಾಬರು ಹಾಸಿಗೆ ಹಿಡಿದಾಗಿತ್ತು. "ಬರೆದುಕೊಳ್ಳೋಕೆ ಬಂದೋನಿಗೆ ಬಾಯಿ ಬಿಡಬೇಡ ಬೇಟಾ" ಅಂದಿದ್ದರು. ದಸ್ತಗಿರ್ ಆ ಮಾತನ್ನು ತಾಯತದ ಹಾಗೆ ಕಟ್ಟಿಕೊಂಡ.

ಈಗ ಶೆಡ್ಡಿನ ಮಾತು. ಬೇಸಿನ್ನೆಂಬ ತೊಟ್ಟಿಯ ಕುದಿಯುವ ನೀರಲ್ಲಿ ರೇಷ್ಮೆ ಗೂಡು ಬೇಯಿಸಿ, ಬೆರಳಿನಿಂದ ಎಳೆಯ ತುದಿ ಹಿಡಿದು, ಎಂಟು ಹತ್ತು ಎಳೆ ಸೇರಿಸಿ ಒಂದು ನೂಲು ಮಾಡಿ ಚಕ್ರಕ್ಕೆ ಸುತ್ತುವುದು ಅಲ್ಲಿನ ಕೆಲಸ. ಇದಕ್ಕೆ ದಸ್ತಗಿರ್ ಅಪ್ಪನಿಂದ ಕಲಿತ ಎರಡು ಕಟ್ಟುಪಾಡುಗಳಿದ್ದವು. ಒಂದು, ಕಿಟಕಿಗೆ ಗೋಣಿಚೀಲ ಕಟ್ಟಬೇಕು. ಗಾಳಿ ಆಡಿದರೆ ನೀರು ಆರುತ್ತದೆ, ಎಳೆ ತುಂಡಾಗುತ್ತದೆ. ಇನ್ನೊಂದು, ಬೇಸಿನ್ನಿನ ನೀರನ್ನು ಪೂರ್ತಿ ಚೆಲ್ಲಬಾರದು. ನಿನ್ನೆಯ ಕಂದು ನೀರು ಅರ್ಧ ಉಳಿಸಿಕೊಂಡು ಅದರ ಮೇಲೆ ಹೊಸ ನೀರು ಹಾಕಬೇಕು. ಬರೀ ಹೊಸ ನೀರಿಗೆ ನೂಲು ಬಿರುಸಾಗುತ್ತದೆ, ಹಳೆ ನೀರಿಗೆ ಹೊಳಪು ಬರುತ್ತದೆ. ಅವನ ನೂಲಿನ ಹೊಳಪು ಊರಿಗೆಲ್ಲ ಗೊತ್ತಿತ್ತು. ಶೆಡ್ಡಿನೊಳಗಿನ ನಾತ ಮಾತ್ರ ಕೇಳಬೇಡಿ. ಸತ್ತ ಹುಳು, ಹಳೆ ನೀರು, ಹೊರಗೆ ಹೋಗಲು ದಾರಿಯಿಲ್ಲದ ಹಬೆ. ಹೊಸಬರು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಆ ಹಬೆಯಲ್ಲಿ ಹದಿನಾಲ್ಕು ವರ್ಷದಿಂದ ಕೂತವಳು ಅವನ ಹೆಂಡತಿ ರಹಮತುನ್ನೀಸಾ. ಚಿಂತಾಮಣಿಯ ಹುಡುಗಿ. ಮದುವೆಯಾದ ಹೊಸತರಲ್ಲಿ ತವರಿಂದ ಮುರುಗಮಲ್ಲದ ದರ್ಗಾಕ್ಕೆ ನಡೆದೇ ಹೋಗಿದ್ದಳು. ದಾರಿಯಲ್ಲಿ ಹಿಂದೆ ಬಿದ್ದು "ಸ್ವಲ್ಪ ನಿಲ್ಲೇ" ಎಂದು ಕೂಗಿದವನು ದಸ್ತಗಿರ್. ಅಂಥವಳಿಗೆ ಆರು ವರ್ಷದಿಂದ ದಮ್ಮು ಹಿಡಿದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಸಿಳ್ಳೆ ಹಾಕುತ್ತಿತ್ತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಶೆಡ್ಡಿಗೆ ರಜೆ ಇರುವ ಶುಕ್ರವಾರ ಮಾತ್ರ ಸ್ವಲ್ಪ ಹಗುರ. ಇದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಮನೆಯಲ್ಲೇ ಇರು ಎನ್ನೋಣವೆಂದರೆ ಎಳೆಯ ತುದಿ ಹಿಡಿಯುವುದರಲ್ಲಿ ಅವಳಂಥ ಬೆರಳು ಆ ಗಲ್ಲಿಯಲ್ಲೇ ಇರಲಿಲ್ಲ. ಮನೆಗೂ ಶೆಡ್ಡಿಗೂ ಒಂದೇ ಗೋಡೆ ಬೇರೆ.

ತೊಂಬತ್ತನಾಲ್ಕರ ಜನವರಿಯಲ್ಲಿ ಗಲ್ಲಿಯ ಬಾಯಿಗೆ ಒಂದು ಜೀಪು ಬಂದು ನಿಂತಿತು. ಇಳಿದವರು ಇಬ್ಬರು. ಒಬ್ಬ ರಾಮಾಂಜಿನಪ್ಪ, ಮಂಚೇನಹಳ್ಳಿ ಕಡೆಯ ರೈತರ ಮಗ, ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪಾಠ ಹೇಳುವ ಮೇಷ್ಟ್ರು. ಇನ್ನೊಬ್ಬಳು ಸ್ವೀಡನ್ ದೇಶದ ಆನಿಕಾ, ಅಲ್ಲಿನ ವಿಶ್ವವಿದ್ಯಾಲಯದವಳು, ಬಿಳಿ ಕೂದಲೋ ಹಳದಿ ಕೂದಲೋ ಹೇಳಲಾಗದು. ಗಲ್ಲಿಯ ಹೆಂಗಸರು ಬಾಗಿಲಿಗೆ ಬಂದರು. ಸಾದಲಿಯಿಂದ ಕೆಲಸಕ್ಕೆ ಬರುತ್ತಿದ್ದ ಓಬಳಮ್ಮ, ಕೈಯಲ್ಲಿದ್ದ ಗೂಡಿನ ಬುಟ್ಟಿ ಇಳಿಸಿ, "ಅಯ್ಯೋ, ದೊರೆಸಾನಿ ಬಂದವ್ಳೆ ಕಣೇ!" ಅಂದಳು.

ದಸ್ತಗಿರ್ ಬಾಗಿಲಿಗೆ ಅಡ್ಡವಾಗಿ ನಿಂತ. ಕೂರಿ ಎನ್ನಲಿಲ್ಲ. ಚಹಾದ ಮಾತಂತೂ ಎತ್ತಲೇ ಇಲ್ಲ.

"ನಾವು ಇಲ್ಲಿ ಗಾಳಿ ಅಳೀಬೇಕು ಸಾಬ್ರೇ," ಎಂದರು ರಾಮಾಂಜಿನಪ್ಪ. "ಊರಲ್ಲಿ ಹನ್ನೆರಡು ಶೆಡ್ ಆರಿಸ್ಕೊಂಡಿದೀವಿ. ನಿಮ್ಮದು ಹನ್ನೊಂದನೇದು."

"ನಮ್ಮ ಗಾಳಿ ತಗೊಂಡೋಗಿ ನಿಮಗೇನಾಗ್ಬೇಕು?"

"ನಮ್ಮ ಕಾಲೇಜಿಗೂ ಅವರ ಯೂನಿವರ್ಸಿಟಿಗೂ ಒಂದು ಒಪ್ಪಂದ ಆಗಿದೆ. ನಮ್ಮ ಹುಡುಗ್ರು ಅಲ್ಲಿಗೆ ಹೋಗಿ ಕಲೀತಾರೆ, ಅವರು ಇಲ್ಲಿಗೆ ಬರ್ತಾರೆ. ನಾನೂ ಒಂದು ವರ್ಷ ಅಲ್ಲಿದ್ದು ಬಂದೆ. ಅವರ ಹತ್ರ ಮೆಷಿನ್ ಇದೆ, ನಮ್ಮ ಹತ್ರ ಊರಿದೆ."

ಅವರ ಹತ್ತಿರ ಮೆಷಿನ್ನು, ನಮ್ಮ ಹತ್ತಿರ ಊರು! ಆ ಮಾತೊಂದು ಸಾಕಾಯಿತು ದಸ್ತಗಿರನ ಕಿವಿ ನೆಟ್ಟಗಾಗಲು. ಹುಲಿ ಮೇಕೆಗೆ ಹೇಳುವ ಮಾತೂ ಇದೇ ಅಲ್ಲವೇ, ನನ್ನ ಹತ್ತಿರ ಹಲ್ಲಿದೆ, ನಿನ್ನ ಹತ್ತಿರ ಮಾಂಸ ಇದೆ ಅಂತ.

ಮೇಷ್ಟ್ರು ಬೇಸರಪಡಲಿಲ್ಲ. ಹಳ್ಳಿಯ ಮನುಷ್ಯ, ಹೇಗೆ ಹೇಳಿದರೆ ತಿಳಿಯುತ್ತದೆಂದು ಬಲ್ಲವರು. ಬೇಸಿನ್ನಿನಿಂದ ಒಂದೇ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದರು. "ಇದೆಷ್ಟು ಸಣ್ಣ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದನ್ನ ಉದ್ದಕ್ಕೆ ನೂರು ಸೀಳು ಸೀಳಿ. ಅದರಲ್ಲಿ ಒಂದು ಸೀಳಿನ ದಪ್ಪ ಇರೋ ಕಣಗಳು ಈ ಹಬೇಲಿ ತೇಲ್ತಾ ಇರಬಹುದು. ರೇಷ್ಮೆ ಅಂಟಿಂದು, ಹುಳಾದ್ದು. ಅದನ್ನ ಅಳೆಯೋ ಅಳತೆಗೆ ನ್ಯಾನೊಮೀಟರ್ ಅಂತಾರೆ. ಅಷ್ಟು ಸಣ್ಣದಕ್ಕೆ ಮೂಗು ತಡೆ ಹಾಕಲ್ಲ. ಸೀದಾ ಎದೆಗೂಡಿಗೆ ಹೋಗಿ ಕೂತ್ಕೊಳ್ಳತ್ತೆ. ಈ ಊರಲ್ಲಿ ನೂಲು ಬಿಚ್ಚೋರಿಗೆ ಇಷ್ಟೊಂದು ದಮ್ಮು ಯಾಕೆ ಬರತ್ತೆ ಅನ್ನೋದೇ ನಮ್ಮ ಪ್ರಶ್ನೆ."

ಒಳಗಿನಿಂದ ರಹಮತುನ್ನೀಸಾ ಎದ್ದು ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಗಂಡನ ಭುಜದ ಹಿಂದಿನಿಂದಲೇ ಕೇಳಿದಳು. "ಗೊತ್ತಾದ್ರೆ... ಏನು ಮಾಡ್ತೀರಾ ಸಾರ್?"

ರಾಮಾಂಜಿನಪ್ಪ ಅದನ್ನು ಇಂಗ್ಲಿಷಿನಲ್ಲಿ ಆನಿಕಾಗೆ ಹೇಳಿದರು. ಅವಳು ಚೀಲದಿಂದ ಒಂದು ನಕ್ಷೆ ತೆಗೆದು ಹರಡಿದಳು. ಬೇಸಿನ್ನುಗಳ ಮೇಲೆ ಕವುಚಿದ ತಗಡಿನ ಕೊಡೆ, ಅದರ ನೆತ್ತಿಯಿಂದ ಮಾಡಿನಾಚೆಗೆ ಹೋಗುವ ಕೊಳವೆ, ಒಂದು ಪುಟ್ಟ ಫ್ಯಾನು. ಎರಡೂ ಕಡೆಯ ವಿದ್ಯಾರ್ಥಿಗಳು ಸೇರಿ ಬರೆದದ್ದಂತೆ. ಹಬೆಯೆಲ್ಲ ಮೇಲಿಂದ ಹೊರಗೆ, ಕಿಟಕಿ ತೆಗೆಯುವ ಗೋಜಿಲ್ಲ, ನೂಲು ಕೆಡುವುದಿಲ್ಲ. "ಹಬೆಯಿಂದಲೇ ಕಾಯಿಲೆ ಅಂತ ಸಾಬೀತಾದ್ರೆ ಒಪ್ಪಂದದ ಎರಡನೇ ಭಾಗದಲ್ಲಿ ಇದನ್ನ ಕೂಡಿಸಿಕೊಡ್ತೀವಿ," ಎಂದರು ಮೇಷ್ಟ್ರು. "ಮೊದಲು ಕಾಯಿಲೆಯವರು ಇರೋ ಶೆಡ್ಡಿಗೆ."

ರಹಮತುನ್ನೀಸಾ ನಕ್ಷೆಯ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದಳು. ದಸ್ತಗಿರ್ ನಕ್ಷೆ ನೋಡಲಿಲ್ಲ, ಮೇಷ್ಟ್ರ ಕೈಯ ಪುಸ್ತಕ ನೋಡಿದ. ಅದರಲ್ಲಿ ಅವನ ಹೆಸರು, ಒಲೆ, ಬೇಸಿನ್ನು ಎಲ್ಲ ಆಗಲೇ ಏರಿತ್ತು.

ಅವರು ಹೋದ ಮೇಲೆ ಗಂಡ ಹೆಂಡತಿಗೆ ಮಾತಾಯಿತು. ಮನೆಮಾತು ಉರ್ದು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಅಷ್ಟೆ.

"ಒಳ್ಳೇ ಜನ ಅನ್ಸತ್ತೆ," ಅಂದಳು ಅವಳು.

"ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಇವತ್ತು ಗಾಳಿ, ನಾಳೆ ನೀರು, ನಾಡಿದ್ದು ನೋಟಿಸು. ಹಬೆಯಿಂದ ಕಾಯಿಲೆ ಅಂತ ಇವರು ಬರೆದ್ರು ಅಂತಿಟ್ಕೊ. ಆ ಕಾಗದ ಎಲ್ಲಿಗೆ ಹೋಗತ್ತೆ? ಸರ್ಕಾರಕ್ಕೆ. ಸರ್ಕಾರ ಕೊಡೆ ಕೂಡಿಸತ್ತಾ? ಬೀಗ ಹಾಕತ್ತೆ. ಅಬ್ಬಾಗೆ ಆದದ್ದು ಮರೆತ್ಯಾ?"

ಅವಳು ಮರೆತಿರಲಿಲ್ಲ. ಮಾವನ ಗಂಜಿ ಕಾಯಿಸಿದವಳು ಅವಳೇ.

ಅಳತೆಗೆ ಬರುವ ಒಂದು ವಾರ ಮೊದಲೇ ಅಂಚೆಯಲ್ಲಿ ಕಾಗದ ಬಂತು. ಇಂಥ ಮೂರು ದಿನ ಬರುತ್ತೇವೆ, ನಿಮ್ಮ ಒಪ್ಪಿಗೆ ಇರಲಿ, ಶೆಡ್ಡು ಎಂದಿನ ಹಾಗೇ ನಡೆಯಲಿ. ತಿಳಿಸದೆ ಯಾರ ಶೆಡ್ಡಿಗೂ ನುಗ್ಗಬಾರದೆಂಬುದು ಆ ಸ್ವೀಡನ್ನಿನವರ ಕಟ್ಟುನಿಟ್ಟಂತೆ. ಅಷ್ಟು ಮರ್ಯಾದೆ ನಮ್ಮ ಕಡೆ ಯಾರು ತೋರಿಸಿದ್ದಾರೆ ಹೇಳಿ. ಉಳಿದ ಹನ್ನೊಂದು ಶೆಡ್ಡಿನವರು ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಮರೆತರು. ದಸ್ತಗಿರನಿಗೆ ಏಳು ದಿನ ಸಿಕ್ಕಿತು.

ಗೋಣಿಚೀಲ ಕಿತ್ತ. ಕಿಟಕಿಯ ಬಲೆ ಕೊಡವಿದ. ಹಳೆ ನೀರನ್ನೆಲ್ಲ ಮೋರಿಗೆ ಚೆಲ್ಲಿ, ಬೇಸಿನ್ನುಗಳನ್ನು ಬೂದಿ ಹಾಕಿ ಉಜ್ಜಿಸಿ, ಸಿಹಿನೀರಿನ ಟ್ಯಾಂಕರು ತರಿಸಿದ. ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದ ಸತ್ತ ಹುಳುವನ್ನು ಗಾಡಿಯಲ್ಲಿ ಊರಾಚೆ ಸಾಗಿಸಿದ. ಗೋಡೆಗೆ ಸುಣ್ಣವಾಯಿತು. ಬೆಳಿಗ್ಗೆ ಬಂದ ಓಬಳಮ್ಮ ಬಾಗಿಲಲ್ಲೇ ನಿಂತು, "ಏಮಪ್ಪಾ ಇದಿ! ಸಾಬ್ರೇ, ಶೆಡ್ಡೋ ಮದುವೆ ಮನೆಯೋ? ಗಂಡು ಯಾರು?" ಎಂದು ನಕ್ಕಳು.

"ಬಾಯಿ ಮುಚ್ಕೊಂಡು ಕೂತ್ಕೊ. ಕೇಳಿದ್ರೆ ಯಾವಾಗ್ಲೂ ಹಿಂಗೇ ಇರತ್ತೆ ಅನ್ನು."

"ನಾನ್ಯಾಕೆ ಅನ್ಲಿ? ಗೋಡೇನೇ ಅಂತೈತಲ್ಲ, ನಿನ್ನೆ ಸುಣ್ಣ ಬಳಕೊಂಡೆ ಅಂತ."

ಆದರೂ ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು. ಅವಳಿಗೂ ಕೂಲಿ ಬೇಕು.

ಹೆಂಡತಿಗೆ ಪಾಠ ಹೇಳಿಕೊಡುವುದು ಸುಲಭವಾಗಲಿಲ್ಲ. "ದಮ್ಮು ಯಾವಾಗಿಂದ ಅಂತ ಕೇಳ್ತಾರೆ. ಚಿಕ್ಕಂದಿನಿಂದ ಅನ್ನು. ನಿಮ್ಮಮ್ಮಂಗೂ ಇತ್ತು ಅನ್ನು. ಶೆಡ್ಡಲ್ಲಿ ಕೂತ್ರೆ ಜಾಸ್ತಿ ಆಗತ್ತಾ ಅಂದ್ರೆ ಇಲ್ಲ ಅನ್ನು."

"ನಮ್ಮಮ್ಮ ಎಪ್ಪತ್ತು ವರ್ಷಕ್ಕೂ ಕಟ್ಟಿಗೆ ಒಡೀತಿದ್ರು."

"ಅದು ಆ ಮೇಷ್ಟ್ರಿಗೆಲ್ಲಿ ಗೊತ್ತು?"

"ನನಗೆ ಗೊತ್ತಲ್ಲ." ನಿಂತು ಉಸಿರು ತೆಗೆದುಕೊಂಡಳು. "ಆ ಕೊಡೆ... ನಿಜವಾಗ್ಲೂ ಕೂಡಿಸಿಬಿಟ್ರೆ?"

"ನಿನಗೆ ಅವರ ಮೇಲೆ ನಂಬಿಕೆಯೋ ನನ್ನ ಮೇಲೋ?"

ಈ ಪ್ರಶ್ನೆ ಕೇಳುವ ಗಂಡಸಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅವಳು ಗೂಡಿನ ಬುಟ್ಟಿ ಎತ್ತಿಕೊಂಡು ಎದ್ದಳು.

ಮೂರು ದಿನ ಜೀಪು ಬಂತು. ಗೋಡೆಯ ಮೊಳೆಗೆ ಒಂದು ಪುಟ್ಟ ಪೆಟ್ಟಿಗೆ ನೇತುಹಾಕಿದರು. ಅದು ಗುಂಯ್ ಎನ್ನುತ್ತಾ ಗಾಳಿ ಹೀರಿ, ರೂಪಾಯಿ ನಾಣ್ಯದಗಲದ ಬಿಳಿ ಕಾಗದದ ಮೂಲಕ ಸೋಸುತ್ತಿತ್ತು. ಸಂಜೆ ಆ ಕಾಗದವನ್ನು ಚಿಮುಟದಲ್ಲಿ ಹಿಡಿದು ಡಬ್ಬಿಗೆ ಹಾಕಿ ಮೊಹರು ಮಾಡುವಳು ಆನಿಕಾ. ಸ್ವೀಡನ್ನಿಗೆ ಹೋಗಿ, ಅಲ್ಲಿನ ದೊಡ್ಡ ಸೂಕ್ಷ್ಮದರ್ಶಕದ ಕೆಳಗೆ ಅದನ್ನು ನೋಡುತ್ತಾರಂತೆ. ಬೇರೆ ಶೆಡ್ಡುಗಳಲ್ಲಿ ಆ ಕಾಗದ ಸಂಜೆಗೆ ಕಂದುಗಟ್ಟುತ್ತಿತ್ತು. ಇಲ್ಲಿ ಬೆಳ್ಳಗೇ ಇತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ದಸ್ತಗಿರನ ಮುಖ ನೋಡಿ, ಮೆಚ್ಚುಗೆಯಿಂದ ತಲೆಯಾಡಿಸಿದಳು. ಅವನಿಗೆ ಆ ಮೆಚ್ಚುಗೆಯ ಮೇಲೂ ಗುಮಾನಿ.

ಎರಡನೇ ದಿನ ಪ್ರಶ್ನೆಗಳ ಹಾಳೆ ಹಿಡಿದು ರಹಮತುನ್ನೀಸಾಳ ಎದುರು ಕೂತರು. ದಸ್ತಗಿರ್ ಪಕ್ಕದಲ್ಲೇ ಇದ್ದ. ಅವಳು ನೆಲ ನೋಡುತ್ತಾ, ಒಂದೊಂದನ್ನೂ ಹೇಳಿಕೊಟ್ಟ ಹಾಗೇ ಒಪ್ಪಿಸಿದಳು. ಚಿಕ್ಕಂದಿನಿಂದ ಸಾರ್. ಅಮ್ಮಂಗೂ ಇತ್ತು ಸಾರ್. ಇಲ್ಲ ಸಾರ್, ಶೆಡ್ಡಿಂದ ಏನೂ ಇಲ್ಲ. ಕೊನೆಗೆ ಉರ್ದುವಿನಲ್ಲಿ ತನ್ನ ಹೆಸರು ಬರೆದುಕೊಟ್ಟಳು.

ಆ ಮೂರು ದಿನ ನೂಲು ಬಿರುಸಾಯಿತು, ಎಳೆ ಹತ್ತು ಸಲ ತುಂಡಾಯಿತು. ಅದು ಎಣಿಸಿದ್ದೇ. ಎಣಿಸದೆ ಇದ್ದದ್ದು ಇನ್ನೊಂದು. ಕಿಟಕಿ ತೆರೆದು, ಹೊಸ ನೀರಲ್ಲಿ ಗೂಡು ಬೆಂದ ಆ ಮೂರು ದಿನ ರಹಮತುನ್ನೀಸಾಳ ಎದೆ ಸಿಳ್ಳೆ ಹಾಕಲಿಲ್ಲ. ಮೂರನೇ ಸಂಜೆ ದಮ್ಮಿನ ಗುಳಿಗೆ ತೆಗೆದುಕೊಳ್ಳುವುದನ್ನೇ ಮರೆತಳು. ಓಬಳಮ್ಮನ ಜೊತೆ ಹರಟುತ್ತಾ ನಿಲ್ಲದೆ ಒಂದಿಡೀ ಕಥೆ ಹೇಳಿ ಮುಗಿಸಿದಳು. ದಸ್ತಗಿರ್ ಅದನ್ನು ಕೇಳಿಸಿಕೊಂಡ. ಹೇಳಿ ಕೇಳಿ ಅನುಮಾನದ ಮನುಷ್ಯ, ಇಂಥದ್ದು ಅವನ ಕಿವಿಗೆ ತಪ್ಪುತ್ತದೆಯೇ? ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲೇ. ಲೋಕದಲ್ಲಿ ಎಲ್ಲದರ ಮೇಲೂ ಸಂಶಯಪಟ್ಟವನು, ತಾನು ಮಾಡುತ್ತಿರುವುದು ಸರಿಯೋ ಎಂದು ಒಂದು ಸಲವಾದರೂ ಸಂಶಯಪಡಬಾರದಿತ್ತೇ?

ನಾಲ್ಕನೇ ದಿನ ಗೋಣಿಚೀಲ ಕಿಟಕಿಗೆ ಏರಿತು. ವಾರದಲ್ಲಿ ನೀರು ಕಂದಾಯಿತು, ನೂಲಿಗೆ ಹೊಳಪು ಬಂತು, ರಹಮತುನ್ನೀಸಾಳ ಮಾತು ಮತ್ತೆ ತುಂಡುತುಂಡಾಯಿತು.

ಒಂದೂವರೆ ವರ್ಷ ಕಳೆಯಿತು. ನೋಟಿಸು ಬರಲಿಲ್ಲ, ಬೀಗ ಬೀಳಲಿಲ್ಲ. ತೊಂಬತ್ತೈದರ ಆಗಸ್ಟಿನಲ್ಲಿ ಊರಿನ ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಕರೆದರು. ರೀಲರುಗಳು, ಅಂದರೆ ಶೆಡ್ಡಿನ ಯಜಮಾನರು, ಮುಂದೆ, ಹೆಂಗಸರು ಹಿಂದೆ ಕೂತರು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸಿದರು. ಸ್ವೀಡನ್ನಿನಲ್ಲಿ ತೆಗೆದ ಚಿತ್ರ, ಶಿಡ್ಲಘಟ್ಟದ ಹಬೆಯೊಳಗಿನ ಕಣಗಳು. ಹಾಳು ಮೊಟ್ಟೆಗಳ ಹಾಗೆ ಒಂದರ ಮೇಲೊಂದು ಅಂಟಿಕೊಂಡಿದ್ದವು.

ಆನಿಕಾ ಮಾತಾಡಿದಳು, ರಾಮಾಂಜಿನಪ್ಪ ಕನ್ನಡಕ್ಕೆ ತಂದರು. ಮೊದಲು ದಸ್ತಗಿರನನ್ನು ಎಬ್ಬಿಸಿ ನಿಲ್ಲಿಸಿದರು. ಹನ್ನೆರಡರಲ್ಲಿ ಅತಿ ಶುದ್ಧ ಗಾಳಿ ಹನ್ನೊಂದನೇ ಶೆಡ್ಡಿನದು. ಎಲ್ಲರೂ ಇವರನ್ನು ನೋಡಿ ಕಲಿಯಿರಿ. ಚಪ್ಪಾಳೆ ಬಿತ್ತು. ಒಂದು ಹಾರ ಕೂಡ ಬಿತ್ತು. ದಸ್ತಗಿರನ ಎದೆಯಿಂದ ಒಂದೂವರೆ ವರ್ಷದ ಕಲ್ಲು ಇಳಿಯಿತು. ಗೆದ್ದೆ ಅಬ್ಬಾ, ಎಂದು ಮನಸ್ಸಿನಲ್ಲೇ ಅಪ್ಪನಿಗೆ ಹೇಳಿಕೊಂಡ.

ಆಮೇಲೆ ಮೇಷ್ಟ್ರ ದನಿ ತಗ್ಗಿತು. "ಹಬೆಗೂ ದಮ್ಮಿಗೂ ಸಂಬಂಧ ಇದೆ ಅಂತ ನಾವು ಅಂದ್ಕೊಂಡಿದ್ವಿ. ಉಳಿದ ಹನ್ನೊಂದು ಶೆಡ್ಡಲ್ಲಿ ಲೆಕ್ಕ ಹೆಚ್ಚುಕಡಿಮೆ ಕೂಡ್ತಿತ್ತು. ಆದರೆ ಅತಿ ಜಾಸ್ತಿ ಕಾಯಿಲೆ ಇರೋ ಹೆಣ್ಣುಮಗಳು ಇರೋದು ಅತಿ ಶುದ್ಧ ಗಾಳಿ ಇರೋ ಶೆಡ್ಡಲ್ಲಿ. ಅವರಿಗೆ ಕಾಯಿಲೆ ಚಿಕ್ಕಂದಿನಿಂದ ಬಂದದ್ದು. ಆ ಒಂದು ಶೆಡ್ಡು ಸೇರಿಸಿದ ತಕ್ಷಣ ಲೆಕ್ಕ ಮುರಿದುಬೀಳತ್ತೆ. ಸಂಬಂಧ ಸಾಬೀತಾಗಿಲ್ಲ ಅಂತಲೇ ಬರೀಬೇಕಾಯ್ತು. ಹಂಗಾಗಿ ಎರಡನೇ ಭಾಗದಲ್ಲಿ ಕೊಡೆ ಕೂಡಿಸೋ ಕೆಲಸ ಇರಲ್ಲ. ಎರಡು ಕಡೆಯವರೂ ಸೇರಿ ರೇಷ್ಮೆ ಅಂಟಿನ ಬೇರೆ ಉಪಯೋಗಗಳ ಬಗ್ಗೆ ಸಂಶೋಧನೆ ಮಾಡ್ತಾರೆ."

ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ರಹಮತುನ್ನೀಸಾ. ಅಷ್ಟು ಜನರ ಎದುರು ಅವಳು ಹಿಂದೆಂದೂ ನಿಂತವಳಲ್ಲ.

"ಸಾರ್... ಶೆಡ್ಡಿಂದ ಅಲ್ಲ ಅಂದ್ರೆ... ನನಗೆ ದಮ್ಮು ಯಾಕೆ ಬಂತು ಸಾರ್?"

ಕೇಳಿದ್ದು ಮೇಷ್ಟ್ರನ್ನು, ನೋಡಿದ್ದು ಗಂಡನನ್ನು. ಅವನು ಬಾಯಿಬಿಡಲೆಂದು ಒಂದು ಬಾಗಿಲು ತೆಗೆದಿಟ್ಟು ಕಾಯುತ್ತಿದ್ದಳು. ದಸ್ತಗಿರ್ ಹಾರದ ಹೂವು ಕೀಳುತ್ತಾ ಕೂತ. "ಗೊತ್ತಿಲ್ಲಮ್ಮ," ಎಂದರು ರಾಮಾಂಜಿನಪ್ಪ, "ಅದೇ ನಮಗೂ ಅರ್ಥ ಆಗ್ತಿಲ್ಲ." ಅವಳು ಕೂತುಕೊಂಡಳು. ಪಕ್ಕದಲ್ಲಿದ್ದ ಓಬಳಮ್ಮ ಕೆಮ್ಮುತ್ತಿದ್ದಳು, ಅವಳಿಗೂ ಆ ವರ್ಷ ಶುರುವಾಗಿತ್ತು.

ಮನೆಗೆ ಬಂದ ಮೇಲೆ ಅವಳು ಬಯ್ಯಲಿಲ್ಲ, ಅಳಲಿಲ್ಲ. ಹಾಗೆ ಮಾಡಿದ್ದರೆ ಅವನು ಎದುರು ಮಾತಾಡಿ ಹಗುರಾಗುತ್ತಿದ್ದ. ಅವಳು ಎಂದಿನಂತೆ ಶೆಡ್ಡಿಗೆ ಹೋಗಿ ಕೂತಳು. ಸೆಪ್ಟೆಂಬರಿನ ಮೋಡ ಮುಚ್ಚಿದ ಒಂದು ಬೆಳಿಗ್ಗೆ, ಬೇಸಿನ್ನಿನ ಮೇಲೇ ಮುಖ ಮಾಡಿ ಒರಗಿದಳು. ಓಬಳಮ್ಮ ರಟ್ಟೆ ಹಿಡಿದು ಎಳೆಯದಿದ್ದರೆ ಕುದಿಯುವ ನೀರಿಗೇ ಬೀಳುತ್ತಿದ್ದಳು. ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಮೂಗಿಗೆ ಗಾಳಿ ಕೊಟ್ಟು ಉಳಿಸಿಕೊಂಡರು. ಡಾಕ್ಟರು, "ಇನ್ನೊಂದು ಸಲ ಹಿಂಗಾದ್ರೆ ನಾನು ಜವಾಬ್ದಾರನಲ್ಲ" ಅಂದರು. ಆ ಮಾತು ನಿಜವೋ ಸುಳ್ಳೋ ಎಂದು ದಸ್ತಗಿರ್ ಯಾರನ್ನೂ ಕೇಳಲು ಹೋಗಲಿಲ್ಲ.

ಮರುದಿನ ಗೋಣಿಚೀಲವನ್ನೆಲ್ಲ ಹರಿದು ಒಲೆಗೆ ಹಾಕಿದ. ಅದರ ಮರುದಿನ ಬೆಂಗಳೂರಿನ ಬಸ್ಸು ಹತ್ತಿದ. ಕಾಲೇಜಿನ ಮೂರನೇ ಅಂತಸ್ತಿನಲ್ಲಿ ರಾಮಾಂಜಿನಪ್ಪ ಸಿಕ್ಕರು. ದಸ್ತಗಿರ್ ಕೂರದೆ, ನಿಂತೇ ಎಲ್ಲವನ್ನೂ ಹೇಳಿದ. ಗೋಣಿಚೀಲ, ಟ್ಯಾಂಕರು, ಸುಣ್ಣ, ಹೆಂಡತಿಗೆ ಹೇಳಿಕೊಟ್ಟ ಸುಳ್ಳು, ಆ ಮೂರು ದಿನ ಅವಳು ಸಲೀಸಾಗಿ ಉಸಿರಾಡಿದ್ದು.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಅವನನ್ನೇ ನೋಡಿದರು. "ಇದನ್ನ ಈಗ ಯಾಕೆ ಹೇಳ್ತಿದೀರಾ ಸಾಬ್ರೇ?"

"ನಿಜ ಸಾರ್, ಅದಕ್ಕೆ."

"ಯಾರು ಕಳಿಸಿದ್ರು ನಿಮ್ಮನ್ನ? ಯಾರಾದ್ರೂ ವಕೀಲರು ಪರಿಹಾರ ಸಿಗತ್ತೆ ಅಂದ್ರಾ? ನಮ್ಮ ಪ್ರಬಂಧ ಅಚ್ಚಾಗಿದೆ ಅಂತ ತಿಳಿದು ಬೇರೆ ಕಾಲೇಜಿನವರು ಕಿತಾಪತಿ ಮಾಡ್ತಿದಾರಾ?"

"ಅಲ್ಲಾನ ಆಣೆ, ಯಾರೂ ಕಳಿಸಿಲ್ಲ."

"ನಿಮ್ಮ ಮನೆಯವರೇ ಸಹಿ ಹಾಕಿರೋ ಹಾಳೆ ಇದೆ. ಚಿಕ್ಕಂದಿನಿಂದ ಅಂತ ಅವರ ಬಾಯಲ್ಲೇ ಬಂದಿದೆ. ಆವತ್ತು ನೀವು ಹೇಳಿದ್ದು ಸುಳ್ಳು, ಇವತ್ತಿಂದು ನಿಜ ಅಂತ ನಾನು ಹೆಂಗೆ ನಂಬಲಿ? ಸ್ವೀಡನ್ನಿನವರಿಗೆ ಏನಂತ ಬರೀಲಿ?"

ಇಂಥ ಪ್ರಶ್ನೆಗಳನ್ನು ದಸ್ತಗಿರ್ ಜೀವನವಿಡೀ ಬೇರೆಯವರಿಗೆ ಕೇಳಿದ್ದ. ತನಗೇ ಯಾರಾದರೂ ಕೇಳಿದರೆ ಹೇಗಿರುತ್ತದೆಂದು ಈಗ ಗೊತ್ತಾಯಿತು. ಕೈ ಮುಗಿದು ಹೊರಟ. ಬಾಗಿಲ ತನಕ ಬಂದಾಗ ಮೇಷ್ಟ್ರೇ ಹಿಂದಿನಿಂದ ಅಂದರು, "ಡಿಸೆಂಬರಲ್ಲಿ ಆನಿಕಾ ಬರ್ತಾರೆ. ಅಷ್ಟರೊಳಗೆ ನಿಮ್ಮ ಮನೆಯವರು ತಾವಾಗೇ ಬಂದು ಹೇಳಿದ್ರೆ ಮತ್ತೆ ಅಳೆಯೋಕೆ ಕೇಳಿ ನೋಡಬಹುದು. ಮಾತು ಕೊಡಲ್ಲ."

ಮನೆಗೆ ಬಂದು ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದ. "ನಾಳೆ ಇಬ್ಬರೂ ಹೋಗಣ. ನೀನು ಹೇಳು, ನಾನು ಪಕ್ಕದಲ್ಲಿರ್ತೀನಿ."

ಆಸ್ಪತ್ರೆಯಿಂದ ಬಂದಿದ್ದ ರಹಮತುನ್ನೀಸಾ ದಿಂಬಿಗೆ ಒರಗಿ ಕೂತಿದ್ದಳು. "ಬೇಡ," ಅಂದಳು.

"ಹೋಗಲ್ವಾ?"

"ಹೋಗ್ತೀನಿ. ನೀವು ಬರ್ಬೇಡಿ." ಉಸಿರು ತೆಗೆದುಕೊಂಡಳು. "ಆವತ್ತೂ ಪಕ್ಕದಲ್ಲೇ ಇದ್ರಿ. ನೀವಿದ್ರೆ... ನಾನು ನಿಜ ಹೇಳಿದ್ರೂ... ನೀವು ಹೇಳಿಸಿದ್ದು ಅಂತಾರೆ."

ದಸ್ತಗಿರ್ ಗೋಡೆಗೆ ಕೈಯೂರಿ ನಿಂತ. ಆಮೇಲೆ ಬಸ್ಸಿನ ದುಡ್ಡು ತೆಗೆದು ಅವಳ ದಿಂಬಿನ ಪಕ್ಕ ಇಟ್ಟ.

ಬೆಳಿಗ್ಗೆ ಓಬಳಮ್ಮನೂ ಸಾದಲಿಯಿಂದ ಬಂದಳು, ತನ್ನ ಕೆಮ್ಮೂ ಒಂದು ಸಾಕ್ಷಿಯಾಗಲಿ ಎಂದು ತಾನೇ ಹೊರಟಿದ್ದಳು. ಇಬ್ಬರನ್ನೂ ಬಸ್ಸಿಗೆ ಹತ್ತಿಸಿದ. ಮೂರು ಮೆಟ್ಟಿಲು ಹತ್ತಲು ರಹಮತುನ್ನೀಸಾ ಎರಡು ಸಲ ನಿಂತಳು, ಹಿಂದಿನವರು ಗೊಣಗಿದರು. ಕಿಟಕಿಯ ಪಕ್ಕ ಕೂತು ಗಾಜು ಸರಿಸಿದಳು. ದಸ್ತಗಿರ್ ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡ.

"ಅಲ್ಲಿ ಕೇಳಿದ್ರೆ ನೀನು..." ಎಂದು ಶುರುಮಾಡಿದವನು ಹಾಗೇ ನಿಲ್ಲಿಸಿದ.

"ಏನು?" ಅಂದಳು ಅವಳು, ಕಾಯುತ್ತಾ.

"ಏನಿಲ್ಲ," ಅಂದ. "ನಿನಗೆ ಗೊತ್ತು."

ಕಂಡಕ್ಟರು ಸೀಟಿ ಊದಿದ. ಅವನು ಸರಳು ಬಿಟ್ಟ.